ಕಾಂತಿಯ ಹೆಸರಿನ ಅಣಬೆ

ಅಣಬೆಯ ಕೊಡೆಯ ಅಂಚಿನಲ್ಲಿ ಗೀರು ಇತ್ತೋ, ಇರಲಿಲ್ಲವೋ. ಫೋಟೋದಲ್ಲಿ ಕಾಣುವುದಿಲ್ಲ, ನಿಜ. ಆದರೆ ಫೋಟೋದಲ್ಲಿ ಕಾಣದ್ದು ಅಣಬೆಯ ಮೇಲೆ ಇರಲೇ ಇಲ್ಲ ಎಂದು ಹೇಗೆ ಹೇಳುವುದು? ಅಂದು ಮೋಡವಿತ್ತು, ಕೊಡೆಯ ಮೇಲೆ ನೀರಿತ್ತು. ಎಳೆಯದರಲ್ಲಿ ಗೀರು ಮೂಡಿರುವುದಿಲ್ಲ ಎಂದು ತಾನು ಆಗ ಬರೆದದ್ದು ಪೂರ್ತಿ ಸುಳ್ಳೇನಲ್ಲ. ಅಂಥ ಪ್ರಭೇದಗಳು ಬೇರೆ ಕಡೆ ಇವೆ. ಹಾಗಾದರೆ ಇದೂ ಅಂಥದ್ದೇ ಆಗಿರಬಹುದಲ್ಲ? ಕಾಂತಿಯಕ್ಕ ತಿಂದದ್ದು ಬೇರೆಯೇ ಏನೋ ಆಗಿರಬಹುದಲ್ಲ?

ಸಮ್ಮೇದ್ ಕಂಪ್ಯೂಟರಿನ ಪರದೆಯ ಮೇಲೆ ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿದ. ಅಣಬೆಯ ಅಂಚು ಬಣ್ಣದ ಚೌಕಗಳಾಗಿ ಒಡೆದುಹೋಯಿತು.

ಮೇಜಿನ ಮೇಲೆ ಒಂದು ಸ್ಟೀಲಿನ ಡಬ್ಬಿ ಇತ್ತು. ಬೆಳ್ತಂಗಡಿಯಿಂದ ಆರೋಗ್ಯ ಇಲಾಖೆಯವರು ಬೆಳಿಗ್ಗೆ ಜೀಪಿನಲ್ಲಿ ಕಳಿಸಿದ್ದು. ಒಳಗೆ ನೆರಿಯದ ಕಾಂತಿಯವರ ಮನೆಯ ಹಿತ್ತಿಲಿನಲ್ಲಿ ಸಿಕ್ಕಿದ ಕಸ: ಕತ್ತರಿಸಿ ಎಸೆದ ಅಣಬೆಯ ಬುಡಗಳು, ಬಾಡಿದ ಕೊಡೆಯ ಅರ್ಧ ತುಂಡು. ಜೊತೆಗಿದ್ದ ಪತ್ರದಲ್ಲಿ ಎರಡೇ ಪ್ರಶ್ನೆ. ಇದು ಯಾವ ಅಣಬೆ? ಇದು ವಿಷವೇ? ಅವನು ಪಾಠ ಮಾಡುವ ಮೂಡುಬಿದಿರೆಯ ಕಾಲೇಜಿನಲ್ಲಿ, ಬಹುಶಃ ಮೂರು ತಾಲೂಕುಗಳಲ್ಲಿ, ಅಣಬೆಗಳನ್ನು ಓದಿದವನು ಅವನೊಬ್ಬನೇ. ಹಾಗಾಗಿ ಪತ್ರ ಅವನ ಹೆಸರಿಗೇ ಬಂದಿತ್ತು.

ಕಾಂತಿ ತೀರಿಕೊಂಡು ಮೂರು ದಿನವಾಗಿತ್ತು. ಭಾನುವಾರ ಮಧ್ಯಾಹ್ನ ಅಣಬೆಯ ಪಲ್ಯ ಮಾಡಿ ಮಗಳು ತೃಪ್ತಿಯ ಜೊತೆ ಉಂಡಿದ್ದರು. ಗಂಡ ಚಿನ್ನಯ್ಯ ಅಂದು ಮಡಂತ್ಯಾರಿನ ತಂಗಿಯ ಮನೆಗೆ ಹೋಗಿದ್ದರಿಂದ ಅವರ ಪಾಲು ಹಾಗೆಯೇ ಉಳಿದಿತ್ತು. ಸೋಮವಾರ ಬೆಳಗಾಗುವಾಗ ತಾಯಿಗೂ ಮಗಳಿಗೂ ವಾಂತಿ, ಭೇದಿ; ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದರು. ಮಂಗಳವಾರ ಕಾಂತಿ ಎದ್ದು ಕುಳಿತು ಗಂಜಿ ಕುಡಿದರು, ದನ ಯಾರು ಕರೆದದ್ದು ಎಂದು ವಿಚಾರಿಸಿದರು, ಮನೆಗೆ ಹೋಗುವ ಎಂದರು. ಬುಧವಾರ ಕಣ್ಣು ಹಳದಿಯಾಯಿತು. ಶುಕ್ರವಾರ ಮಂಗಳೂರಿನ ಆಸ್ಪತ್ರೆಯಲ್ಲಿ ಯಕೃತ್ತು ಪೂರ್ತಿ ಕೈಕೊಟ್ಟಿತು. ಸ್ವಲ್ಪವೇ ತಿಂದಿದ್ದ ತೃಪ್ತಿ ಬದುಕಿದಳು, ಇನ್ನೂ ಆಸ್ಪತ್ರೆಯಲ್ಲಿದ್ದಳು.

ಇಷ್ಟೆಲ್ಲ ಸಮ್ಮೇದನಿಗೆ ಗೊತ್ತಾದದ್ದು ಪತ್ರಿಕೆಯಿಂದ. ‘ತನ್ನದೇ ಹೆಸರಿನ ಅಣಬೆ ತಿಂದು ಮಹಿಳೆ ಸಾವು’ ಎಂದು ತಲೆಬರಹ ಕೊಟ್ಟಿದ್ದರು. ಆ ಹೆಸರು ಇಟ್ಟವನು ಅವನು.

ಅವನು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಮತ್ತೆ ಫೋಟೋ ನೋಡಿದ.

ಐದು ವರ್ಷದ ಹಿಂದಿನ ಜೂನ್ ತಿಂಗಳದು. ಪಿಎಚ್.ಡಿ.ಗೆ ಅಣಬೆ ಹುಡುಕುತ್ತ ಅವನು ಘಟ್ಟದ ಬುಡದ ನೆರಿಯಕ್ಕೆ ಹೋಗಿದ್ದ. ಅಣಬೆ ಬೇಕಾದರೆ ಕಾಂತಿಯಲ್ಲಿ ಕೇಳಿ ಎಂದು ಬಸ್ಸಿನವರೂ ಹೇಳಿದ್ದರು. ಐವತ್ತೈದು ದಾಟಿದ ಹೆಂಗಸು, ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಕತ್ತಿ ಹಿಡಿದು ಮುಂದೆ ನಡೆದರು. ಕಾಡಿನ ಅಂಚಿನಲ್ಲಿ ಕಿರಾಲುಬೋಗಿ ಮರಗಳ ಒಂದು ಗುಂಪಿತ್ತು. ಮೊದಲ ಮಳೆ ಬಿದ್ದು ಎರಡು ವಾರಕ್ಕೆ ಆ ಮರಗಳ ಬುಡದಲ್ಲಿ ಏಳುವ ಅಣಬೆಗೆ ಅವರು ಬೋಗಿಲಾಂಬು ಎನ್ನುತ್ತಿದ್ದರು. ತಿಳಿಹಳದಿ ಕೊಡೆ, ಬಿಳಿ ಕಾಲು, ಬುಡದಲ್ಲಿ ಮೊಟ್ಟೆಯ ಸಿಪ್ಪೆಯಂಥ ಚೀಲ. ಅಮಾನಿಟಾ ಕುಲದ್ದು ಎಂದು ಅವನಿಗೆ ಕಂಡ ಕೂಡಲೇ ತಿಳಿಯಿತು. ಯಾವ ಪುಸ್ತಕದಲ್ಲೂ ಇರದ ಪ್ರಭೇದ ಎಂಬುದು ತಿಳಿದದ್ದು ಆಮೇಲೆ.

ಕಾಂತಿ ಒಂದನ್ನು ಕಿತ್ತು, ಕೊಡೆಯ ಅಂಚಿನ ಸುತ್ತ ಬಾಚಣಿಗೆಯ ಹಲ್ಲುಗಳಂತೆ ಇದ್ದ ಸಣ್ಣ ಗೀರುಗಳನ್ನು ಉಗುರಿನಿಂದ ತೋರಿಸಿದರು. ನಾಲ್ಕು ಮಾರು ಆಚೆ ಇನ್ನೊಂದು ಗುಂಪಿತ್ತು. ಅದೇ ಬಣ್ಣ, ಅದೇ ಚೀಲ. ಅಂಚು ಮಾತ್ರ ನುಣುಪು. ಅದನ್ನು ಅವರು ಮುಟ್ಟಲಿಲ್ಲ.

“ಇದು ಎರಡು ಜಾತಿ ಮಾಷ್ಟ್ರೆ. ಗೀರು ಇದ್ದದ್ದು ನಮ್ಮದು. ಗೀರು ಇಲ್ಲದ್ದು ನಮ್ಮದಲ್ಲ.”

ಯಾರದು ಹಾಗಾದರೆ ಎಂದು ಕೇಳಿದ್ದಕ್ಕೆ, ಅದೆಲ್ಲ ಗೊತ್ತಿಲ್ಲ, ಅತ್ತೆ ಹೇಳಿದ್ದು ಅಷ್ಟೇ ಎಂದರು. ಅವನು ಒತ್ತಾಯಿಸಿದ ಮೇಲೆ ನುಣುಪಿನದ್ದನ್ನೂ ನಾಲ್ಕು ಕಿತ್ತು ಕೊಟ್ಟು, ಕೈಯನ್ನು ಎಲೆಗೆ ಒರೆಸಿಕೊಂಡರು. ಅವನು ಮೊದಲಿನದಕ್ಕೆ ನಲವತ್ತೊಂದು, ಎರಡನೆಯದಕ್ಕೆ ನಲವತ್ತೆರಡು ಎಂದು ಸಂಖ್ಯೆ ಹಾಕಿ, ಬೇರೆ ಬೇರೆ ಕಾಗದದಲ್ಲಿ ಸುತ್ತಿದ.

ರುಚಿ ಹೇಗೆ ಎಂದು ಬರೆದುಕೊಳ್ಳಲು ಕೇಳಿದಾಗ ಕಾಂತಿ ನಕ್ಕರು. ಒಂದು ತೆಗೆದುಕೊಂಡು ಹೋಗಿ ಬೇಯಿಸಿ ನೋಡಿ ಎಂದರು. ತಾವು ಜೈನರು, ಅಣಬೆ ತಿನ್ನುವುದಿಲ್ಲ ಎಂದು ಅವನು ಹೇಳಬೇಕಾಯಿತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಿಂದಿರಲಿಲ್ಲ.

“ತಿನ್ನದವರು ತಿನ್ನುವವರಿಗೆ ಪಾಠ ಮಾಡುದಾ ಮಾರಾಯ್ರೆ? ಒಳ್ಳೆ ಕತೆ.”

ಆ ಸಂಜೆ ಬೆಳ್ತಂಗಡಿಯಲ್ಲಿ ಮೂಡುಬಿದಿರೆಯ ಬಸ್ಸು ತಡವಾಯಿತು. ಅವನು ನಡುವೆ ವೇಣೂರಿನಲ್ಲಿ ಇಳಿದು ತಾಯಿಯ ಮನೆಗೆ ಹೋದ. ಅಣಬೆಗಳು ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದು ಅವನಿಗೂ ಗೊತ್ತು. ಜಗಲಿಯ ಮೂಲೆಯಲ್ಲಿ, ಒಳಗೆ ಬಲ್ಬು ಉರಿಯುವ ತಗಡಿನ ಪೆಟ್ಟಿಗೆ ಇಟ್ಟು ಮಾದರಿಗಳನ್ನು ಒಣಗಿಸಲು ಸಿದ್ಧ ಮಾಡಿದ. ನಲವತ್ತೊಂದನ್ನು ಜಾಲರಿಯ ಮೇಲೆ ಹರಡಿದ. ನಲವತ್ತೆರಡನ್ನು ಬಿಚ್ಚಿದಾಗ ಕಾಲಿನೊಳಗಿಂದ ಬಿಳಿಯ ಸಣ್ಣ ಹುಳಗಳು ಹೊರಬರುತ್ತಿದ್ದವು. ನೊಣದ ಮರಿಗಳು. ಕಾಡಿನ ಅಣಬೆಯಲ್ಲಿ ಅದು ಹೊಸತಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಅಂಥವನ್ನು ನೂರಾರು ಸಲ ಯೋಚಿಸದೆ ಬಿಸಿಗೆ ಹಾಕಿದ್ದ.

ತಾಯಿ ಪದ್ಮಲತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಜೀವ ಉಂಟಲ್ಲ ಅದರಲ್ಲಿ. ಹಾಗೆಯೇ ಸುಡ್ತೀಯಾ?” ಎಂದರು. ಬೇಡ ಎಂದೇನೂ ಹೇಳಲಿಲ್ಲ. ಅಷ್ಟು ಕೇಳಿ ಒಳಗೆ ಹೋದರು.

ಅವನು ನಲವತ್ತೆರಡನ್ನು ಒಂದು ಸಾಗುವಾನಿ ಎಲೆಯ ಮೇಲಿಟ್ಟು ಕಾಂಪೌಂಡಿನ ಬದಿಯಲ್ಲಿ ಬಿಟ್ಟ. ಹುಳ ತಾನಾಗಿ ಹೊರಗೆ ಹೋದ ಮೇಲೆ ಒಣಗಿಸಿದರಾಯಿತು ಎಂದುಕೊಂಡ. ಬೆಳಿಗ್ಗೆ ನೋಡಿದರೆ ಎಲೆಯ ಮೇಲೆ ಕಂದು ಬಣ್ಣದ ಲೋಳೆ ಇತ್ತು, ಅದರ ಸುತ್ತ ಇರುವೆಗಳಿದ್ದವು. ಒಂದು ತುಂಡೂ ಉಳಿದಿರಲಿಲ್ಲ. ಕಾಡಿನಲ್ಲಿ ತೆಗೆದ ಫೋಟೋ ಮಾತ್ರ ಉಳಿಯಿತು.

ಇದಕ್ಕೆ ತಾಯಿಯನ್ನು ದೂರಬಹುದೇ ಎಂದು ಈ ಮೂರು ದಿನಗಳಲ್ಲಿ ಅವನು ಹಲವು ಸಲ ಯೋಚಿಸಿದ್ದ. ಆಗುವುದಿಲ್ಲ. ಹುಳಗಳನ್ನು ಉಳಿಸಿದ್ದು ತಪ್ಪಲ್ಲ. ಮಾದರಿ ಹಾಳಾಯಿತು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಬರೆಯಲಿಲ್ಲ. ಮುಂದಿನ ವರ್ಷ ಮತ್ತೆ ಸಿಗುತ್ತದೆ ಎಂದುಕೊಂಡ. ಮುಂದಿನ ವರ್ಷ ಲಾಕ್‌ಡೌನ್. ಅದರ ಮುಂದಿನ ವರ್ಷ ಹೋದಾಗ ಬೋಗಿ ಮರದಡಿ ಗೀರಿನದ್ದು ಮಾತ್ರ ಎದ್ದಿತ್ತು. ಪ್ರಬಂಧ ಒಪ್ಪಿಸಲು ನಾಲ್ಕು ತಿಂಗಳು ಉಳಿದಿತ್ತು.

ಫೋಟೋವನ್ನು ನೋಡುತ್ತ ನೋಡುತ್ತ ಎರಡೂ ಒಂದೇ ಎಂದು ಅವನಿಗೇ ಅನ್ನಿಸತೊಡಗಿತು. ಒಂದೇ ಮರದಡಿ, ಒಂದೇ ದಿನ, ಒಂದೇ ಬಣ್ಣ. ನುಣುಪಿನದ್ದು ಎಳೆಯದಿರಬೇಕು. ಹಳ್ಳಿಯವರು ಒಂದೇ ಪ್ರಭೇದಕ್ಕೆ ಎರಡು ಹೆಸರು ಹೇಳುವುದುಂಟು, ಎರಡನ್ನು ಒಂದು ಮಾಡುವುದೂ ಉಂಟು. ಅದನ್ನು ತಿದ್ದುವುದಕ್ಕೇ ಅಲ್ಲವೇ ವರ್ಗೀಕರಣ ಇರುವುದು? ಮಾರ್ಗದರ್ಶಕರಾಗಿದ್ದ ರಮಾನಾಥ ಸರ್ ಕರಡು ಓದಿ ಒಂದೇ ಒಂದು ಪ್ರಶ್ನೆ ಕೇಳಿದರು. ಬೀಜಕಗಳನ್ನು ಅಯೋಡಿನ್ ದ್ರಾವಣದಲ್ಲಿ ಹಾಕಿ ನೋಡಿದೆಯಾ, ಎರಡು ಸಂಗ್ರಹದ್ದೂ?

ಅಣಬೆಯ ಬೀಜಕವೆಂದರೆ ಅದರ ಪುಡಿಯಂಥ ಬೀಜ. ಅಮಾನಿಟಾ ಕುಲದ ತಿನ್ನುವ ಗುಂಪಿನ ಬೀಜಕ ಅಯೋಡಿನ್ನಿನಲ್ಲಿ ಬಣ್ಣ ಬದಲಿಸುವುದಿಲ್ಲ. ಕೊಲ್ಲುವ ಗುಂಪಿನದ್ದು ನೀಲಿಗಪ್ಪಾಗುತ್ತದೆ. ಎರಡು ನಿಮಿಷದ ಪರೀಕ್ಷೆ. ಅವನು ಮಾಡಿದ್ದು ನಲವತ್ತೊಂದಕ್ಕೆ ಮಾತ್ರ. ಡಿಎನ್‌ಎ ತೆಗೆದದ್ದೂ ಅದರದ್ದೇ.

ಹೌದು ಸರ್, ಎರಡೂ ನೋಡಿದ್ದೇನೆ ಎಂದಿದ್ದ.

ಪ್ರಬಂಧದ ಆ ಭಾಗ ಒಂದು ವಿಜ್ಞಾನ ಪತ್ರಿಕೆಯಲ್ಲಿ ಲೇಖನವಾಗಿ ಅಚ್ಚಾಯಿತು. ಹೊಸ ಪ್ರಭೇದಕ್ಕೆ, ಅದನ್ನು ತೋರಿಸಿಕೊಟ್ಟವರ ಗೌರವಕ್ಕೆ, ಕಾಂತಿಯ ಹೆಸರಿಟ್ಟ. ‘ಅಂಚಿನ ಗೀರುಗಳು ಎಳೆಯದರಲ್ಲಿ ಇರುವುದಿಲ್ಲ, ಸ್ಥಳೀಯರು ಆಹಾರವಾಗಿ ಬಳಸುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಬರೆದ. ಪ್ರತಿಯನ್ನು ಹಿಡಿದುಕೊಂಡು ನೆರಿಯಕ್ಕೆ ಹೋದ ದಿನ ಚಿನ್ನಯ್ಯ ಗದ್ದೆಯಲ್ಲಿದ್ದರು, ತೃಪ್ತಿ ಕೆಲಸಕ್ಕೆ ಹೋಗಿದ್ದಳು. ಕಾಂತಿ ಒಬ್ಬರೇ ಇದ್ದರು. ತಮ್ಮ ಹೆಸರಿನ ಅಕ್ಷರಗಳು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಎರಡು ಫೋಟೋಗಳನ್ನು ನೋಡಿ ಹುಬ್ಬು ಗಂಟು ಹಾಕಿದರು. ಇದೆಂತ, ಗೀರು ಇಲ್ಲದ್ದನ್ನೂ ಇಲ್ಲಿ ಹಾಕಿದ್ದೀರಿ ಎಂದರು.

“ಎರಡೂ ಒಂದೇ ಕಾಂತಿಯಕ್ಕ. ಗೀರು ಆಮೇಲೆ ಬರುದು, ಬೆಳೆದ ಮೇಲೆ.”

“ಒಂದೇ?”

“ಒಂದೇ.”

ಅವರು ಫೋಟೋವನ್ನು ಮತ್ತೆ ಕಣ್ಣ ಹತ್ತಿರ ಹಿಡಿದರು. ಆಮೇಲೆ ನಕ್ಕರು. “ಹಾಗಾದ್ರೆ ಇಷ್ಟು ವರ್ಷ ಸುಮ್ಮನೆ ಬಿಟ್ಟು ಬಂದದ್ದಾ ನಾವು? ಅತ್ತೆ ಇದ್ದಿದ್ರೆ ಹೇಳ್ಬಹುದಿತ್ತು.”

ಅವನೂ ನಕ್ಕಿದ್ದ. ಅದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು.

ಪ್ರಯೋಗಾಲಯದಲ್ಲಿ ಮಧ್ಯಾಹ್ನದ ತರಗತಿ ಮುಗಿಸಿದ ವಿದ್ಯಾರ್ಥಿಗಳು ಹೊರಗೆ ಹೋದರು. ಅವನು ಡಬ್ಬಿ ತೆರೆದ. ಕೊಡೆಯ ತುಂಡನ್ನು ಬೆಳಕಿಗೆ ಹಿಡಿದ. ಇದು ಎಳೆಯದಲ್ಲ, ಪೂರ್ತಿ ಬಿಚ್ಚಿದ ಕೊಡೆ. ಅಂಚು ನುಣುಪು. ಕೊಡೆಯಡಿಯ ಪದರವನ್ನು ಬ್ಲೇಡಿನಿಂದ ಕೂದಲಿನಷ್ಟು ತೆಳುವಾಗಿ ಕೊಯ್ದು ಗಾಜಿನ ಮೇಲಿಟ್ಟು, ಒಂದು ಹನಿ ಅಯೋಡಿನ್ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟ. ಬೀಜಕಗಳು ಒಂದೊಂದಾಗಿ ನೀಲಿಗಪ್ಪಾಗುತ್ತಾ ಹೋದವು.

ಬೀರುವಿನಿಂದ ನಲವತ್ತೊಂದರ ಪೊಟ್ಟಣ ತೆಗೆದು, ಅದರದ್ದನ್ನೂ ಹಾಗೆಯೇ ನೋಡಿದ. ಅವು ನಸುಹಳದಿಯಾಗಿಯೇ ಉಳಿದವು. ಎರಡು ಗಾಜುಗಳನ್ನು ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ನೋಡಿದ. ಇನ್ನು ಯೋಚಿಸಲು ಏನೂ ಉಳಿದಿರಲಿಲ್ಲ. ಕಾಂತಿಯ ಅತ್ತೆಗೆ ತಿಳಿದಿದ್ದದ್ದು ಸರಿಯಾಗಿತ್ತು.

ವರದಿ ಬರೆಯಲು ಅವನಿಗೆ ಇಡೀ ಸಂಜೆ ಬೇಕಾಯಿತು. ‘ಅಮಾನಿಟಾ ಕುಲದ, ಈವರೆಗೆ ಹೆಸರಿಸದ ಮಾರಕ ಪ್ರಭೇದ. ತಿನ್ನುವ ಪ್ರಭೇದವೆಂದು ತಪ್ಪಾಗಿ ಗ್ರಹಿಸಿ ಬಳಸಲಾಗಿದೆ.’ ಯಾರು ತಪ್ಪಾಗಿ ಗ್ರಹಿಸಿದ್ದು ಎಂದು ಆ ವಾಕ್ಯ ಹೇಳುತ್ತಿರಲಿಲ್ಲ. ಅವನು ಅದನ್ನು ಮೂರು ಸಲ ಓದಿದ. ಸುಳ್ಳು ಎಂದು ಯಾರೂ ಹೇಳಲಾರರು. ಸಹಿ ಹಾಕಿದ.

ಹದಿಮೂರನೆಯ ದಿನದ ಉತ್ತರಕ್ರಿಯೆಗೆ, ಅಲ್ಲಿಯವರು ಬೊಜ್ಜ ಎನ್ನುವುದಕ್ಕೆ, ನೆರಿಯಕ್ಕೆ ಹೊರಟಾಗ ಎಲ್ಲವನ್ನೂ ಹೇಳಿಬಿಡುವುದೆಂದೇ ನಿಶ್ಚಯಿಸಿದ್ದ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡ. ಚಿನ್ನಯ್ಯಣ್ಣ, ತಪ್ಪು ನನ್ನದು. ಅಷ್ಟು ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಊಟ ಮುಗಿದು ಅಲ್ಲಲ್ಲಿ ಕುಳಿತವರು ಅದನ್ನೇ ಮಾತಾಡುತ್ತಿದ್ದರು. ನಲವತ್ತು ವರ್ಷ ಊರಿಗೆಲ್ಲ ಅಣಬೆ ಹಂಚಿದವಳು, ಊರಿನವರು ಯಾರೂ ಸಾಯಲಿಲ್ಲ, ಅವಳೇ ಸತ್ತಳು ಎಂದು ಒಬ್ಬರು ಹೇಳಿದರು. ಪೇಪರಿನಲ್ಲಿ ಹೆಸರು ಬಂದ ಮೇಲೆ ಕಣ್ಣು ನೆತ್ತಿಗೇರಿತ್ತು, ಕಂಡದ್ದೆಲ್ಲ ಕೀಳಲು ಹೊರಟಳು ಎಂದು ಇನ್ನೊಬ್ಬರು ಹೇಳಿದರು. ಮಗಳನ್ನೂ ಕೊಲ್ಲುತ್ತಿದ್ದಳಲ್ಲ ಎಂದು ಒಬ್ಬ ಹೆಂಗಸು ನಿಟ್ಟುಸಿರು ಬಿಟ್ಟಳು. ಚಿನ್ನಯ್ಯನಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದೆಲ್ಲ ನಡೆದಿತ್ತು. ಅವರು ತಲೆ ಬಗ್ಗಿಸಿ ಬಾಳೆಲೆಗಳನ್ನು ಎತ್ತುತ್ತಿದ್ದರು.

ಸಮ್ಮೇದನನ್ನು ಕಂಡು ಅವರು ಕೈ ತೊಳೆದು ಬಂದರು. ಕುರ್ಚಿ ತರಿಸಿದರು. ಅವನು ಅಲ್ಲಿ ಊಟ ಮಾಡುವುದಿಲ್ಲವೆಂದು ಗೊತ್ತಿದ್ದರಿಂದ ಎಳನೀರು ಕೊಡಿಸಿದರು. ತೃಪ್ತಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕುಳಿತಳು. ಕಣ್ಣಿನ ಬಿಳಿಯಲ್ಲಿ ಇನ್ನೂ ಹಳದಿ ಇತ್ತು.

“ಅಮ್ಮ ಗೀರು ಇಲ್ಲದ್ದನ್ನು ಮುಟ್ಟಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ ಸರ್,” ಎಂದಳು ಅವಳು. “ಈ ಸಲ ಗೀರಿನದ್ದು ಎರಡೇ ಸಿಕ್ಕಿತ್ತು. ಇದನ್ನು ಯಾಕೆ ತಂದದ್ದು ಕೇಳಿದೆ. ಇದೂ ಅದೇ, ಸುಮ್ಮನೆ ತಿನ್ನು ಅಂದ್ರು. ಅವರಿಗೆ ಹಾಗೆ ಯಾಕೆ ಅನ್ನಿಸಿತು? ನಾನು ಸರಿಯಾಗಿ ಕೇಳ್ಬೇಕಿತ್ತು.”

ಅವಳು ಅವನನ್ನು ಸಂಶಯದಿಂದ ನೋಡಲಿಲ್ಲ. ಓದಿದವನು, ತನಗೆ ಅರ್ಥವಾಗದ್ದನ್ನು ಬಿಡಿಸಿ ಹೇಳಬಲ್ಲವನು ಎಂಬಂತೆ ನೋಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಅವನ ಬಾಯಲ್ಲಿತ್ತು. ಅಂಗಳದಲ್ಲಿದ್ದವರು ಮಾತು ನಿಲ್ಲಿಸಿ ಇತ್ತ ತಿರುಗಿದ್ದರು.

“ಮಳೆ ಜೋರಾದಾಗ ಗೀರು ಸರಿ ಕಾಣುದಿಲ್ಲ,” ಎಂದ ಅವನು. “ವಯಸ್ಸೂ ಆಗಿತ್ತಲ್ಲ. ಯಾರಿಗೂ ತಪ್ಪಬಹುದು.”

ತೃಪ್ತಿ ತಲೆಯಾಡಿಸಿದಳು. ಚಿನ್ನಯ್ಯ ಅವನ ಹತ್ತಿರಕ್ಕೆ ಸರಿದು ಕುಳಿತರು.

“ಮಾಷ್ಟ್ರೆ, ಒಂದು ಉಪಕಾರ ಆಗ್ಬೇಕು. ಆ ಹೆಸರು ತೆಗೀರಿ.”

ಯಾವ ಹೆಸರು ಎಂದು ಅವನು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದ.

“ಅವಳದ್ದು. ಅವಳನ್ನು ಕೊಂದದ್ದಕ್ಕೆ ಅವಳದ್ದೇ ಹೆಸರು ಬೇಡ. ಜನ ನಗಾಡ್ತಾರೆ. ನಾಳೆ ಇವಳಿಗೊಂದು ಮದುವೆ ಆಗ್ಬೇಕು.”

ಸಸ್ಯಗಳಿಗೂ ಅಣಬೆಗಳಿಗೂ ಹೆಸರಿಡುವುದಕ್ಕೆ ಒಂದು ಅಂತರರಾಷ್ಟ್ರೀಯ ನಿಯಮವಿದೆ. ಒಮ್ಮೆ ಕ್ರಮವಾಗಿ ಪ್ರಕಟವಾದ ಹೆಸರನ್ನು, ಅದರಿಂದ ಯಾರಿಗೆ ನೋವಾದರೂ, ಇಟ್ಟವನೇ ಬೇಡವೆಂದರೂ ಹಿಂದೆಗೆಯಲಾಗುವುದಿಲ್ಲ. ಅದನ್ನು ಅವನು ಆದಷ್ಟು ಸರಳವಾಗಿ ಹೇಳಿದ. ಆ ನಿಯಮಕ್ಕೆ ಅವನು ಹೇಳದ ಇನ್ನೊಂದು ಭಾಗವಿದೆ. ಹೆಸರು ಅಂಟಿಕೊಂಡಿರುವುದು ವಿವರಣೆಗಲ್ಲ, ಫೋಟೋಗಲ್ಲ, ಒಂದು ಮೂಲ ಮಾದರಿಗೆ. ಇಲ್ಲಿ ಆ ಮಾದರಿ ನಲವತ್ತೊಂದು. ಕಾಂತಿಯ ಹೆಸರು ಇರುವುದು ಗೀರಿನ ಅಣಬೆಗೆ, ಅವರು ನಲವತ್ತು ವರ್ಷ ಊರಿಗೆ ಹಂಚಿದ್ದಕ್ಕೆ. ಕೊಂದದ್ದಕ್ಕೆ ಇನ್ನೂ ಹೆಸರೇ ಇಲ್ಲ. ಇದನ್ನು ಹೇಳಿದರೆ ಚಿನ್ನಯ್ಯ ತಲೆಯೆತ್ತಿ ಅಂಗಳಕ್ಕೆ ಹೋಗಬಹುದಿತ್ತು. ಆದರೆ ಇದನ್ನು ಹೇಳಿದರೆ, ಮತ್ತೆ ಪತ್ರಿಕೆಯವರು ಹಾಗೆ ಯಾಕೆ ಬರೆದರು, ಎರಡನ್ನೂ ಒಂದೇ ಎಂದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

“ಹಾಗಾದ್ರೆ ವಿಷಕ್ಕೆ ಅವಳ ಹೆಸರೇ ಇರುದಾ?” ಎಂದರು ಚಿನ್ನಯ್ಯ.

“ನಿಯಮ ಹಾಗೆ ಉಂಟು ಚಿನ್ನಯ್ಯಣ್ಣ.”

“ಎಷ್ಟು ವರ್ಷ?”

“ಯಾವಾಗಲೂ.”

ಚಿನ್ನಯ್ಯ ಎಳನೀರಿನ ಖಾಲಿ ಬೊಂಡವನ್ನು ಎತ್ತಿ ಬದಿಗಿಟ್ಟರು. ಬಸ್ಸಿನ ಹೊತ್ತಾಯಿತು ಎಂದು ಅವನು ಎದ್ದಾಗ ರಸ್ತೆಯವರೆಗೂ ಬಂದು ಕಳಿಸಿಕೊಟ್ಟರು.

ಆಮೇಲಿನದ್ದು ಬೇಗ ಹೇಳಿ ಮುಗಿಸಬಹುದು. ಆರೋಗ್ಯ ಇಲಾಖೆಯವರು ಬಂಟ್ವಾಳದಲ್ಲಿ ಒಂದು ಜಾಗೃತಿ ಸಭೆ ಇಟ್ಟು ಅವನನ್ನು ಕರೆಸಿದರು. ಇನ್ನೂರು ಜನರ ಮುಂದೆ, ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ತೋರಿಸಿ, ಬೋಗಿ ಮರದಡಿಯ ಅಣಬೆಯಲ್ಲಿ ಅಂಚಿನ ಗೀರು ಇಲ್ಲದ್ದನ್ನು ಮುಟ್ಟಬೇಡಿ ಎಂದು ಹೇಳಿದ. ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಲಿಲ್ಲ. ಆಶಾ ಕಾರ್ಯಕರ್ತೆಯರು ಬರೆದುಕೊಂಡರು. ಮುಂದಿನ ಮಳೆಗಾಲದಲ್ಲಿ ಅವನು ನುಣುಪಿನದ್ದನ್ನು ಹುಡುಕಿ, ಕಿತ್ತ ಸ್ಥಳದಲ್ಲೇ ಒಣಗಿಸಿ, ಹೊಸ ಪ್ರಭೇದವೆಂದು ಪ್ರಕಟಿಸಿದ. ಅದಕ್ಕೆ ಯಾವ ಮನುಷ್ಯರ ಹೆಸರನ್ನೂ ಇಡಲಿಲ್ಲ. ‘ಹಿಂದಿನ ವಿವರಣೆಯಲ್ಲಿ ಎರಡು ಪ್ರಭೇದಗಳು ಬೆರೆತಿದ್ದವು’ ಎಂದು ಒಂದು ಸಾಲು ಬರೆದ. ರಮಾನಾಥ ಸರ್ ಓದಿ, ತನ್ನ ತಪ್ಪನ್ನು ತಾನೇ ತಿದ್ದುವವರು ಈಗ ಕಡಿಮೆ ಎಂದು ಬೆನ್ನು ತಟ್ಟಿದರು. ಅದು ಅಚ್ಚಾದ ವಿಜ್ಞಾನ ಪತ್ರಿಕೆ ನೆರಿಯಕ್ಕೆ ಹೋಗುವಂಥದ್ದಲ್ಲ. ತೃಪ್ತಿಗೆ ಬಂದ ಒಂದು ಸಂಬಂಧ ತಾಯಿಯ ಮಾತೆತ್ತಿ ತಪ್ಪಿತು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ಅವನ ಕಿವಿಗೂ ಬಿತ್ತು. ಅವನು ಮುಂದಿನ ಸ್ಟಾಪಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದ.

ಅವನಲ್ಲಿ ಚಿನ್ನಯ್ಯನ ಫೋನ್ ನಂಬರು ಇತ್ತು. ಕಾಂತಿಯಕ್ಕ ತಪ್ಪು ಮಾಡಲಿಲ್ಲ, ನನ್ನ ಮಾತು ನಂಬಿ ತಿಂದರು ಎಂದು ಸಮ್ಮೇದ್ ಅವರಿಗಾಗಲಿ ತೃಪ್ತಿಗಾಗಲಿ ಎಂದೂ ಹೇಳಲಿಲ್ಲ.